ಹೆಸರು, ಊರು, ವಾದ್ಯ

ಆರ್ಲೀನ್ ಟ್ರಾಸ್ಕ್‌ಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಬಸ್ಸಿನ ಗಂಡಸರು ಹೇಳುತ್ತಿದ್ದರು. ಅದು ಸುಳ್ಳು. ಮೂಗಿನ ತುದಿಯ ಕೋಪ ಒಂದು ಸೀನಿಗೆ ಹಾರಿಹೋಗುತ್ತದೆ. ಅವಳ ಕೋಪ ಇದ್ದದ್ದು ಹೊಟ್ಟೆಯಲ್ಲಿ. ಡೆಲ್ಮರ್ ಪೂಲ್‌ನ ಹಾಡಿನ ಬಸ್ಸಿನಲ್ಲಿ ಹತ್ತೊಂಬತ್ತು ವರ್ಷ ಕೂತು, ಊರಿಗೊಂದು ಸೌದೆ ಹಾಕಿ, ಅದನ್ನು ಆರದ ಹಾಗೆ ಕಾಯ್ದುಕೊಂಡು ಬಂದಿದ್ದಳು.

ಅವಳ ವಾದ್ಯ ಬಾಸ್. ಆಳೆತ್ತರದ್ದು, ನಿಂತು ನುಡಿಸುವಂಥದ್ದು. ಅವಳಪ್ಪ ಮರ ಕೊಯ್ಯುವ ಮಿಲ್ಲಿನಲ್ಲಿ ಕೆಲಸ ಮಾಡಿ ಶನಿವಾರ ಕುಣಿತದ ಮನೆಗಳಲ್ಲಿ ಪಿಟೀಲು ನುಡಿಸುತ್ತಿದ್ದ. ಬಾಸ್ ಹಿಡಿಯುವವನು ಕುಡಿದು ಬಿದ್ದ ದಿನ ಹತ್ತು ವರ್ಷದ ಮಗಳನ್ನು ಸೇಬಿನ ಪೆಟ್ಟಿಗೆಯ ಮೇಲೆ ನಿಲ್ಲಿಸಿ, 'ನಾಲ್ಕೇ ತಂತಿ ಕಣೇ, ಹಸುವಿನ ಮೊಲೆ ಇದ್ದಷ್ಟೇ, ಹಿಡಿ' ಎಂದ. ಹಿಡಿದಳು. ಮದುವೆಯಾದವನೂ ಒಬ್ಬ ವಾದ್ಯದವನೇ. ಅಮರಿಲ್ಲೋದ ಹೋಟೆಲೊಂದರಲ್ಲಿ ಮೊಟ್ಟೆ ತರಿಸಿಟ್ಟು, ಸಿಗರೇಟು ತರ್ತೀನಿ ಎಂದು ಹೋದವನು ವಾಪಸ್ ಬರಲಿಲ್ಲ. ಆರ್ಲೀನ್ ಎರಡು ಪಾಲು ಮೊಟ್ಟೆಯನ್ನೂ ತಿಂದು ಎದ್ದಳು. ಆ ವರ್ಷವೇ ಡೆಲ್ಮರ್ ಪೂಲ್‌ನ ತಂಡ ಸೇರಿದಳು.

ಡೆಲ್ಮರ್‌ನ ಬಸ್ಸಿನಲ್ಲಿ ಅವಳ ಕೆಲಸ ಬಾಸ್ ನುಡಿಸುವುದು, ಹಾಡಿನ ಕೊನೆಗೆ ಮೇಲಿನ ದನಿಯಲ್ಲಿ ಜೊತೆ ಹಾಡುವುದು. ಆಮೇಲೆ ಅವನ ಕೋಟಿನ ಮಿರುಗು ಹರಳು ಹೊಲಿಯುವುದು, ಏಳು ಜನಕ್ಕೆ ಬ್ರೆಡ್ಡಿನ ನಡುವೆ ಮಾಂಸ ಇಟ್ಟು ಸುತ್ತುವುದು, ಡ್ರೈವರ್‌ಗೆ ನಿದ್ದೆ ಬಂದರೆ ಸ್ಟೀರಿಂಗ್ ಹಿಡಿಯುವುದು, ಡೆಲ್ಮರ್‌ನ ಗಿಟಾರನ್ನು ಶ್ರುತಿ ಮಾಡಿ ಅವನ ಕೊರಳಿಗೆ ಹಾಕುವುದು. ದೊಡ್ಡ ಮನುಷ್ಯನಾದ ಮೇಲೆ ಡೆಲ್ಮರ್ ತನ್ನ ಗಿಟಾರಿನ ಕಿವಿ ತಿರುಗಿಸುವುದನ್ನೇ ಬಿಟ್ಟಿದ್ದ. ಅದು ತನ್ನ ಘನತೆಗೆ ಕಡಿಮೆ ಎಂದು ಅವನಿಗೆ ಯಾರು ಹೇಳಿದರೋ ಗೊತ್ತಿಲ್ಲ. ಹೇಳಿದವನಿಗೆ ಒಳ್ಳೆಯದಾಗದಿರಲಿ.

ಇದೆಲ್ಲ ಆರ್ಲೀನ್ ಸಹಿಸುತ್ತಿದ್ದಳು. ಸಹಿಸಲಾಗದೇ ಇದ್ದದ್ದು ಒಂದೇ.

ನಮ್ಮ ಕಡೆ ಹಾಡಿನ ತಂಡಗಳಲ್ಲಿ ಒಂದು ಪದ್ಧತಿ ಇದೆ. ಆಟದ ನಡುವೆ ಒಮ್ಮೆ ಯಜಮಾನ ಮೈಕಿನ ಹತ್ತಿರ ಬಂದು ತನ್ನ ವಾದ್ಯದವರನ್ನು ಒಬ್ಬೊಬ್ಬರಾಗಿ ಜನಕ್ಕೆ ತೋರಿಸುತ್ತಾನೆ. ಹೆಸರು, ಊರು, ವಾದ್ಯ. ಅಷ್ಟೇ. ಹೆಸರು ಬಂದವನು ಟೋಪಿ ಎತ್ತುತ್ತಾನೆ, ನಾಲ್ಕು ಆವರ್ತ ನುಡಿಸುತ್ತಾನೆ, ಜನ ಚಪ್ಪಾಳೆ ತಟ್ಟುತ್ತಾರೆ. ಶನಿವಾರ ರೇಡಿಯೋದಲ್ಲಿ ಹಾಡಿದರೆ ಆ ಹೆಸರು ನಾಲ್ಕು ರಾಜ್ಯಕ್ಕೆ ಕೇಳಿಸುತ್ತದೆ. ಎಲ್ಲೋ ಒಂದು ಹಟ್ಟಿಯಲ್ಲಿ ಒಬ್ಬ ತಾಯಿ, 'ಕೇಳಿದ್ರಾ, ನಮ್ಮವನು' ಎನ್ನುತ್ತಾಳೆ. ವಾದ್ಯದವನಿಗೆ ಕೀರ್ತಿ ಅಂತ ಬೇರೆ ಏನೂ ಸಿಗುವುದಿಲ್ಲ. ರಸ್ತೆಯ ಧೂಳು ತಿಂದದ್ದಕ್ಕೆ ಇಷ್ಟೇ ಪ್ರತಿಫಲ, ಮತ್ತು ಇಷ್ಟು ಸಾಕು.

ಡೆಲ್ಮರ್ ಈ ಕೆಲಸವನ್ನು ಚೆನ್ನಾಗಿ ಮಾಡುತ್ತಿದ್ದ. 'ಪಿಟೀಲು, ಒಕ್ಲಾಹೋಮಾದ ಬಾಲ್ಡ್ ಹಿಲ್ ಊರಿನ ಕ್ಲೋವಿಸ್ ಯೇಟ್ಸ್!' ಎಂದು ಅವನು ಕೂಗಿದರೆ ಕ್ಲೋವಿಸ್‌ನ ಬಾಗಿದ ಬೆನ್ನು ನೆಟ್ಟಗಾಗುತ್ತಿತ್ತು. ಎಲ್ಲರದೂ ಮುಗಿದ ಮೇಲೆ ಕಣ್ಣು ಮಿಟುಕಿಸಿ ಹೇಳುತ್ತಿದ್ದ: 'ಮತ್ತೆ ಬಾಸ್ ಹಿಂದೆ ನಮ್ಮ ಪುಟ್ಟ ಹುಡುಗಿ. ಕಾಣ್ತಾಳಾ ನಿಮಗೆ? ಸ್ವಲ್ಪ ಇಣುಕು ಮರಿ, ಜನ ನೋಡ್ಲಿ.' ಜನ ನಗುತ್ತಿದ್ದರು. ಪುಟ್ಟ ಹುಡುಗಿಗೆ ಆಗ ಇಪ್ಪತ್ತೆರಡು. ಪುಟ್ಟ ಹುಡುಗಿಗೆ ಮೂವತ್ತಾಯಿತು, ನಲವತ್ತು ದಾಟಿತು. ಮಾತು ಬದಲಾಗಲಿಲ್ಲ, ನಗುವೂ ಬದಲಾಗಲಿಲ್ಲ.

ಅವಳ ತಾಯಿ ಗಿಲ್ಪಿನ್ ಫೆರಿ ಎಂಬ ಊರಿನಲ್ಲಿ ಪ್ರತಿ ಶನಿವಾರ ನೆರೆಯವರನ್ನು ಕೂಡಿಸಿಕೊಂಡು ರೇಡಿಯೋ ಮುಂದೆ ಕೂರುತ್ತಿದ್ದಳು. ಮಗಳು ಮನೆಗೆ ಹೋದಾಗಲೆಲ್ಲ ಒಂದೇ ಪ್ರಶ್ನೆ: 'ಎಲ್ಲರ ಹೆಸರೂ ಹೇಳ್ತಾನೆ, ನಿಂದ್ಯಾಕೆ ಹೇಳಲ್ಲ? ನೀನು ಸರಿಯಾಗಿ ನುಡಿಸ್ತಿಲ್ವಾ?' ಆ ಎರಡನೇ ಪ್ರಶ್ನೆ ಆರ್ಲೀನ್‌ಗೆ ಚೂರಿ ಹಾಕಿದ ಹಾಗೆ ಆಗುತ್ತಿತ್ತು.

ಒಮ್ಮೆ ಜಾಪ್ಲಿನ್‌ನಲ್ಲಿ ಊಟಕ್ಕೆ ಕೂತಾಗ ಕೇಳಿಯೇ ಬಿಟ್ಟಳು. 'ಡೆಲ್ಮರ್, ನನ್ನ ಹೆಸರೂ ಹೇಳು. ಊರೂ ಹೇಳು.'

'ಜನಕ್ಕೆ ಒಂದು ನಗು ಬೇಕು ಕಣೇ' ಎಂದ ಡೆಲ್ಮರ್, ಬೀನ್ಸ್ ಅಗಿಯುತ್ತ. 'ಹೆಸರು ಹೇಳಿದ್ರೆ ಯಾರು ನಗ್ತಾರೆ?'

'ಹಾಗಾದ್ರೆ ಕ್ಲೋವಿಸ್‌ನ ನೋಡಿ ನಗ್ಲಿ.'

'ಕ್ಲೋವಿಸ್ ಗಂಡಸು.'

ಅಲ್ಲಿಗೆ ಮಾತು ಮುಗಿಯಿತು. ಅವನ ಲೆಕ್ಕದಲ್ಲಿ ಅದು ಉತ್ತರ.

ತಾಯಿ ಸತ್ತದ್ದು ಒಂದು ಫೆಬ್ರವರಿಯಲ್ಲಿ. ಸುದ್ದಿ ಬಂದಾಗ ತಂಡ ಮುಂದಿನ ಆಟಕ್ಕೆ ಹೊರಟಿತ್ತು. ದಾರಿ ಗಿಲ್ಪಿನ್ ಫೆರಿಯ ಮೇಲೆಯೇ ಹೋಗುತ್ತಿತ್ತು. ಆರ್ಲೀನ್ ಒಂದು ದಿನದ ರಜೆ ಕೇಳಿದಳು. ಡೆಲ್ಮರ್ ಬಸ್ಸನ್ನು ಚರ್ಚಿನ ಎದುರಿನ ಪೆಟ್ರೋಲ್ ಪಂಪಿಗೆ ತಿರುಗಿಸಿ, 'ಟ್ಯಾಂಕ್ ತುಂಬೋವರೆಗೆ ಹೋಗಿ ಬಾ' ಎಂದ. ಅವಳು ರಸ್ತೆ ದಾಟಿ ಓಡಿದಳು. ಶವದ ಪೆಟ್ಟಿಗೆಯಲ್ಲಿ ತಾಯಿಯ ಮುಖ ನೋಡಿದಳು. ಜನ ಪ್ರಾರ್ಥನೆಯ ಹಾಡಿನ ಎರಡನೇ ಚರಣದಲ್ಲಿದ್ದರು. ಹೊರಗಿನಿಂದ ಬಸ್ಸಿನ ಹಾರ್ನ್ ಕೇಳಿಸಿತು. ಮೂರನೇ ಚರಣಕ್ಕೆ ಮತ್ತೊಮ್ಮೆ. ಹಾಡು ಮುಗಿಯುವ ಮೊದಲೇ ಅವಳು ಬಸ್ಸು ಹತ್ತಿದ್ದಳು. ಡೆಲ್ಮರ್ 'ಪಾಪ' ಎಂದು ತನ್ನ ಕರವಸ್ತ್ರ ಕೊಟ್ಟ. ಅದನ್ನು ಒಗೆದು ಇಸ್ತ್ರಿ ಮಾಡಿ ಇಟ್ಟಿದ್ದವಳೂ ಅವಳೇ.

ಯಾಕೆ ಬಿಟ್ಟು ಹೋಗಲಿಲ್ಲ ಎಂದು ಕೇಳುವವರು ಇದ್ದಾರೆ. ಕೇಳುವುದು ಸುಲಭ. ಬಾಸ್ ನುಡಿಸುವ ಹೆಂಗಸನ್ನು ಇಟ್ಟುಕೊಳ್ಳುವ ತಂಡ ಆಗ ನಮ್ಮ ಕಡೆ ಇನ್ನೊಂದಿರಲಿಲ್ಲ. ನುಡಿಸದೆ ಇದ್ದರೆ ಅವಳು ಬದುಕುತ್ತಿರಲಿಲ್ಲ. ಬೆಳಗಾದರೆ ಇನ್ನೊಂದು ಊರು, ಸಂಜೆಯಾದರೆ ಕಾಲಡಿಯಲ್ಲಿ ನಡುಗುವ ಹಲಗೆ, ಎದುರಿಗೆ ಕುಣಿಯುವ ಜೋಡಿಗಳ ಹೆಜ್ಜೆ ತನ್ನ ಬೆರಳಿಗೆ ಕಟ್ಟಿದ ಹಾಗೆ ಏಳುವುದು ಬೀಳುವುದು. ಅದರ ರುಚಿ ಹತ್ತಿದವರು ಬಿಡುವುದಿಲ್ಲ. ಅದಕ್ಕೂ ಮೇಲಾಗಿ ಅವಳಿಗೊಂದು ಹಟವಿತ್ತು. ಇವನ ಬಾಯಿಂದಲೇ, ಮೈಕಿನಲ್ಲೇ, ತನ್ನ ಹೆಸರು ತನ್ನ ಊರು ಒಂದು ಸಲ ಹೇಳಿಸದೆ ಇಳಿಯುವುದಿಲ್ಲ ಎಂಬ ಹಟ.

ಡೆಲ್ಮರ್ ಪೂಲ್ ಎಂದರೆ 'ಮೆಲ್ಬಾ' ಹಾಡು. ಯುದ್ಧ ಮುಗಿದ ಮರುವರ್ಷ ಬಂದ ಹಾಡು, ಅವನ ಅನ್ನ, ಏಳು ಜನರ ಅನ್ನ. ಮನೆ ಬಿಟ್ಟು ಹೋದ ಮೆಲ್ಬಾ ಎಂಬ ಹೆಂಗಸನ್ನು ಕರೆಯುವ ಹಾಡು ಅದು. ಕೊನೆಯಲ್ಲಿ ಅವಳ ಹೆಸರನ್ನು ಮೂರು ಸಲ ಕೂಗಬೇಕು, ಒಂದಕ್ಕಿಂತ ಒಂದು ಎತ್ತರ. ಮೂರನೆಯದು ಮಾಡಿನ ಜಂತಿಗೆ ಮುಟ್ಟಬೇಕು. ಅದಕ್ಕಾಗಿಯೇ ಜನ ಬರುತ್ತಿದ್ದರು. ಹುಟ್ಟೇ ಇರದ ಹೆಂಗಸಿನ ಹೆಸರನ್ನು ದಿನಾ ಗಂಟಲು ಹರಿಯುವ ಹಾಗೆ ಕೂಗುವವನಿಗೆ ಮಗ್ಗುಲಲ್ಲಿ ನಿಂತವಳ ಹೆಸರು ಬಾಯಿಗೆ ಬರುತ್ತಿರಲಿಲ್ಲ, ನೋಡಿ.

ಅವನು ಅರವತ್ತರ ಹತ್ತಿರ ಬಂದ ಚಳಿಗಾಲದಲ್ಲಿ, ನೆಬ್ರಾಸ್ಕಾದ ಒಂದು ಕಡೆ, ಮೂರನೇ ಮೆಲ್ಬಾ ಬರಲಿಲ್ಲ. ಎಣ್ಣೆ ಕಾಣದ ಬಾಗಿಲಿನ ಹಾಗೆ ಕಿರ್ರೆಂದಿತು. ಮುಂದಿನ ಊರಲ್ಲೂ ಅದೇ ಆಯಿತು. ಬೇಸಿಗೆಯ ಆಟಗಳನ್ನು ಗೊತ್ತುಮಾಡುವವರು ಒಬ್ಬರ ಮುಖ ಒಬ್ಬರು ನೋಡತೊಡಗಿದರು.

ತಂಡದವರು ಗುಟ್ಟಿನ ಮಾತು ಆಡುತ್ತಿದ್ದದ್ದು ಬಟ್ಟೆ ಒಗೆಯುವ ಅಂಗಡಿಗಳಲ್ಲಿ. ಡೆಲ್ಮರ್ ಕಾಲಿಡದ ಜಾಗ ಅದೊಂದೇ. ಒಂದು ಮಧ್ಯಾಹ್ನ ಅಂಗಿಗಳು ಯಂತ್ರದಲ್ಲಿ ತಿರುಗುತ್ತಿದ್ದಾಗ ಕ್ಲೋವಿಸ್ ಹೇಳಿದ, 'ಶ್ರುತೀಲಿ ಜಿ ಬಿಟ್ಟು ಎಫ್‌ಗೆ ಇಳಿ ಅಂತ ಹೇಳೋಣ. ಗಿಟಾರಿನ ಎರಡು ಮನೆಯಷ್ಟು ಕೆಳಗೆ ಬಂದ್ರೆ ಆರಾಮಾಗಿ ಹಾಡ್ತಾನೆ.'

'ಹೇಳು' ಎಂದಳು ಆರ್ಲೀನ್.

'ನಾನಾ? ನಂಗೆ ಐದು ಮಕ್ಕಳಿದಾರೆ, ತಾಯಿ.'

ಯಾರಿಗೂ ಧೈರ್ಯವಿರಲಿಲ್ಲ. ಶ್ರುತಿ ಇಳಿಸಿದ ಹಾಡುಗಾರರನ್ನು ಡೆಲ್ಮರ್ ಎಷ್ಟು ಹೀನಾಯ ಮಾಡುತ್ತಿದ್ದ ಎಂದರೆ, ಈಗ ಅವನಿಗೆ ಆ ಮಾತು ಹೇಳುವುದು ಹಲ್ಲು ಬಿದ್ದಿದೆ ಎಂದು ಸಿಂಹಕ್ಕೆ ಹೇಳಿದ ಹಾಗೆ. ಆಟದಲ್ಲಿ ಅವನು ಯಾವ ಶ್ರುತಿ ಎಂದು ಬಾಯಲ್ಲಿ ಹೇಳುತ್ತಿರಲಿಲ್ಲ, ಬೆನ್ನ ಹಿಂದೆ ಕೈಯಿಟ್ಟು ಬೆರಳು ತೋರಿಸುತ್ತಿದ್ದ. ಎಲ್ಲ ತಂಡದವರಿಗೂ ಗೊತ್ತಿರುವ ಸನ್ನೆ ಅದು. ಒಂದು ಬೆರಳು ಮೇಲಕ್ಕೆ ಎಂದರೆ ಜಿ, ಒಂದು ಬೆರಳು ಕೆಳಕ್ಕೆ ಎಂದರೆ ಎಫ್. 'ಮೆಲ್ಬಾ'ಗೆ ಆ ಬೆರಳು ಎಂದೂ ಕೆಳಗೆ ತಿರುಗಿರಲಿಲ್ಲ.

'ಅವನಿಗೆ ಹೇಳೋದೇ ಬೇಡ' ಎಂದಳು ಆರ್ಲೀನ್ ಕೊನೆಗೆ. 'ಅವನು ಜಿ ಅಂತಾನೇ ಬೆರಳು ತೋರಿಸ್ಲಿ, ಜಿ ಅಂತಾನೇ ಗಿಟಾರ್ ಒತ್ಲಿ. ನಾವು ಎಲ್ಲಾ ವಾದ್ಯದ ತಂತೀನೂ ಎರಡು ಮನೆ ಸಡಿಲ ಮಾಡಿಬಿಡೋಣ. ಅವನ ಗಿಟಾರ್ ಹೇಗೂ ನನ್ನ ಕೈಲೇ ಇರುತ್ತೆ.'

'ಗೊತ್ತಾದ್ರೆ?'

'ಅವನಿಗೆ ತನ್ನ ಧ್ವನಿ ಬಿಟ್ಟು ಬೇರೇನಾದ್ರೂ ಕೇಳಿಸಿದ್ರೆ ತಾನೇ ಗೊತ್ತಾಗೋದು.'

ಹಾಗೆಯೇ ಮಾಡಿದರು. ಮುಂದಿನ ಊರಿನಲ್ಲಿ ಮೂರನೇ ಮೆಲ್ಬಾ ಜಂತಿಗೆ ಮುಟ್ಟಿತು. ಜನ ಎದ್ದು ನಿಂತರು. ಡೆಲ್ಮರ್ ಕಣ್ಣೊರೆಸಿಕೊಂಡ. ಆರ್ಲೀನ್‌ಗೂ ಅಂದು ಸಂತೋಷವಾಯಿತು ಎಂಬುದನ್ನು ಹೇಳದೇ ಇದ್ದರೆ ತಪ್ಪಾಗುತ್ತದೆ.

ಆದರೆ ಬತ್ತಿದ ಕೆರೆಗೆ ನೀರು ಬಂದರೆ ಮೊದಲು ಕೂಗುವುದು ಕಪ್ಪೆ. ಡೆಲ್ಮರ್ ಮೈಕಿನಲ್ಲಿ ಜಂಬ ಕೊಚ್ಚಲು ಶುರುಮಾಡಿದ. 'ನನ್ನ ಓರಗೆಯವರೆಲ್ಲ ಶ್ರುತಿ ಇಳಿಸ್ಕೊಂಡು ಮೂಲೆ ಸೇರಿದಾರೆ. ನಾನು ನೋಡಿ, ಅದೇ ಜಿ.' ಅಷ್ಟಕ್ಕೇ ನಿಂತಿದ್ದರೆ ಆಗುತ್ತಿತ್ತು. ನಿಲ್ಲಲಿಲ್ಲ. 'ಗಂಡಸಿನ ಧ್ವನಿ ವಿಸ್ಕಿ ಇದ್ದ ಹಾಗೆ, ಹಳೇದಾದಷ್ಟೂ ಹದ. ಹೆಂಗಸಿನ ಧ್ವನಿ ಹಾಲು.' ಆಮೇಲೆ ಆರ್ಲೀನ್ ಕಡೆ ತಿರುಗಿ ಮೂಗು ಹಿಡಿದುಕೊಳ್ಳುತ್ತಿದ್ದ. ಜನ ಹೊಟ್ಟೆ ಹಿಡಿದು ನಗುತ್ತಿದ್ದರು. ಪ್ರತಿ ಆಟದಲ್ಲೂ, ಎರಡು ವರ್ಷ, ಅದೇ ಹಾಲು, ಅದೇ ಮೂಗು.

ಆರ್ಲೀನ್ ಹಲ್ಲು ಕಚ್ಚಿ ನುಡಿಸುತ್ತಿದ್ದಳು. ಬಾಯಿ ಬಿಟ್ಟರೆ ಬಸ್ಸು ನಿಲ್ಲುತ್ತದೆ, ಕ್ಲೋವಿಸ್‌ನ ಮಕ್ಕಳ ಬಾಯಿಗೆ ಮಣ್ಣು ಬೀಳುತ್ತದೆ. ಅವಳನ್ನು ತಡೆದದ್ದು ಇನ್ನೂ ಒಂದಿತ್ತು, ಅದು ಕನಿಕರ. ಪಾಪ, ಅವನಿಗೆ ಗೊತ್ತಿಲ್ಲ, ತನ್ನ ಧ್ವನಿ ಹೋಗಿದೆ ಎಂದೇ ಗೊತ್ತಿಲ್ಲದ ಮುದುಕ ಎಂದುಕೊಳ್ಳುತ್ತಿದ್ದಳು. ಗೊತ್ತಿಲ್ಲದವನ ಮೇಲೆ ಎಷ್ಟು ಅಂತ ಕೋಪ ಮಾಡಿಕೊಳ್ಳುವುದು? ಕುದಿಯುವ ಪಾತ್ರೆಯ ಮೇಲೆ ಆ ಕನಿಕರವನ್ನು ಮುಚ್ಚಳ ಮಾಡಿ ಇಟ್ಟುಕೊಂಡಿದ್ದಳು.

ಮೇ ತಿಂಗಳ ಒಂದು ಭಾನುವಾರ ಡೆಲ್ಮರ್‌ನ ಹುಟ್ಟೂರಿನಲ್ಲಿ ಗೋರಿಗಳಿಗೆ ಹೂವಿಡುವ ದಿನ. ಊರು ಬಿಟ್ಟವರೂ ಅಂದು ಬರುತ್ತಾರೆ. ಬೆಳಿಗ್ಗೆ ಗೋರಿಗಳ ಸುತ್ತ ಗುಡಿಸಿ, ಹುಲ್ಲು ಕಿತ್ತು, ಹೂವಿಟ್ಟು, ಮಧ್ಯಾಹ್ನ ಓಕ್ ಮರಗಳ ಕೆಳಗೆ ಉದ್ದಕ್ಕೆ ಹಲಗೆ ಹಾಕಿ ಎಲ್ಲರ ಮನೆಯ ಅಡುಗೆಯನ್ನೂ ಇಟ್ಟು ಉಣ್ಣುತ್ತಾರೆ. ಹುರಿದ ಕೋಳಿ, ಜೋಳದ ರೊಟ್ಟಿ, ಪೀಚ್ ಹಣ್ಣಿನ ಪೈ. ಡೆಲ್ಮರ್‌ನ ತಾಯಿಯ ಗೋರಿಯೂ ಅಲ್ಲೇ, ಬೇಲಿಯ ಪಕ್ಕ. ಅಂದು ಅವನು ಊರಿಗಾಗಿ ಹಾಡಲು ಒಪ್ಪಿದ್ದ. ಚರ್ಚಿನ ಅಗಲವಾದ ಜಗಲಿಯೇ ವೇದಿಕೆ.

ವಾದ್ಯದವರನ್ನು ತೋರಿಸುವ ಹೊತ್ತು ಬಂತು. ಕ್ಲೋವಿಸ್‌ನ ಹೆಸರು ಬಂತು, ಉಳಿದವರ ಹೆಸರು ಬಂತು, ಊರುಗಳು ಬಂದವು. 'ಮತ್ತೆ ಬಾಸ್ ಹಿಂದೆ ನಮ್ಮ ಪುಟ್ಟ ಹುಡುಗಿ.' ಜನ ಕೋಳಿಯ ಕಾಲು ಕೈಯಲ್ಲಿ ಹಿಡಿದೇ ನಕ್ಕರು.

ಇನ್ನೇನು 'ಮೆಲ್ಬಾ' ಶುರುವಾಗಬೇಕು, ಮಿಸ್ ಯೂಲಾ ಫಂಡರ್‌ಬರ್ಕ್ ಕೋಲೂರಿಕೊಂಡು ಜಗಲಿ ಹತ್ತಿದಳು. ಎಂಬತ್ತು ದಾಟಿದ ಮುದುಕಿ. ಡೆಲ್ಮರ್‌ಗೆ ಹಾಡು ಕಲಿಸಿದವಳು, ಚರ್ಚಿನ ಪಿಯಾನೋ ನುಡಿಸುವವಳು. 'ಇದನ್ನ ನಿನ್ನ ಜೊತೆ ನಾನು ನುಡಿಸ್ತೀನಿ ಕಣಪ್ಪ' ಎಂದಳು. ಗೋರಿಗೆ ಹೂವಿಡುವ ದಿನ ಹಿರಿಯರು ಕೇಳಿದ್ದಕ್ಕೆ ಇಲ್ಲ ಎನ್ನುವ ಹಾಗಿಲ್ಲ. ನಾಲ್ಕು ಜನ ಪಿಯಾನೋವನ್ನು ಬಾಗಿಲವರೆಗೆ ತಳ್ಳಿ ತಂದರು.

ಆರ್ಲೀನ್‌ಗೆ ಅಪಾಯ ಕಂಡಿತು. ತಂತಿ ವಾದ್ಯವನ್ನು ಸಡಿಲ ಮಾಡಬಹುದು, ಪಿಯಾನೋವನ್ನು ಯಾರು ಸಡಿಲ ಮಾಡುತ್ತಾರೆ? ಪಿಯಾನೋದ ಜಿ ನಿಜವಾದ ಜಿ, ತಮ್ಮದು ಸುಳ್ಳಿನ ಜಿ. ಮುದುಕಿಯ ಕಿವಿಯಲ್ಲಿ ಎಫ್ ನುಡಿಸಿ ಎಂದು ಹೇಳಿಬಿಡೋಣವೆಂದು ಎರಡು ಹೆಜ್ಜೆ ಇಟ್ಟಳು. ಅಷ್ಟರಲ್ಲಿ ಡೆಲ್ಮರ್ ಮೈಕು ಹಿಡಿದಿದ್ದ. ಮೈಕು ಕಂಡರೆ ಅವನ ಬಾಯಿ ಬುದ್ಧಿಗಿಂತ ಮುಂದೆ ಓಡುತ್ತಿತ್ತು. 'ಇದೇ ಪಿಯಾನೋ ಮುಂದೆ ನಿಂತು ಕಲಿತ ಹುಡುಗ ನಾನು. ಅವತ್ತು ಯಾವ ಜಿ ಹಾಡಿದ್ನೋ ಇವತ್ತೂ ಅದೇ ಜಿ. ಮಿಸ್ ಯೂಲಾ, ಜಿ!' ಬೆನ್ನ ಹಿಂದೆ ಒಂದು ಬೆರಳು ಮೇಲಕ್ಕೆದ್ದಿತು.

ಪಿಯಾನೋ ಒಂದು ಕಡೆ, ತಂಡ ಎರಡು ಮನೆ ಕೆಳಗೆ. ಎರಡು ಬೀದಿಯ ನಾಯಿಗಳು ಎದುರುಬದುರಾದ ಹಾಗಿತ್ತು ಆ ಸದ್ದು. ಮಗುವೊಂದು ಅಳತೊಡಗಿತು. ಎಲ್ಲರೂ ನಿಲ್ಲಿಸಿದರು. ಮಿಸ್ ಯೂಲಾ ತನ್ನ ಕೈಗಳನ್ನೇ ನೋಡಿಕೊಂಡಳು, ತಾನೇ ತಪ್ಪಿದೆನೇನೋ ಎಂಬಂತೆ.

ಡೆಲ್ಮರ್ ಮೈಕಿನಲ್ಲಿ ನಕ್ಕ. 'ಕ್ಷಮಿಸ್ಬೇಕು. ಶ್ರುತಿ ಮಾಡೋ ಕೆಲಸ ನಮ್ಮ ಪುಟ್ಟ ಹುಡುಗಿಗೆ ಕೊಟ್ಟಿದ್ದೆ. ಹಾಲಿನ ಕಥೆ ಹೇಳಿದ್ನಲ್ಲ? ಕಿವೀನೂ ಹಾಗೇ ಹುಳಿಯಾಗುತ್ತೆ ಅಂತ ಇವತ್ತು ಗೊತ್ತಾಯ್ತು.'

ಊರಿಗೆ ಊರೇ ನಕ್ಕಿತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಗಾದೆಯನ್ನೂ ಹೆಂಗಸಿನ ಮೇಲೆಯೇ ಕಟ್ಟಿದ್ದಾರೆ, ನೆಲ ಡೊಂಕೆನ್ನುವ ಗಂಡಸರನ್ನು ಯಾರೂ ನೋಡಿಲ್ಲವೇನೋ.

ಆರ್ಲೀನ್ ಬಾಸನ್ನು ಗೋಡೆಗೆ ಒರಗಿಸಿದಳು. ಹೋಗಿ ಡೆಲ್ಮರ್‌ನ ಕೊರಳಿನಿಂದ ಗಿಟಾರ್ ತೆಗೆದುಕೊಂಡಳು. ಅವನು ತಡೆಯಲಿಲ್ಲ, ಏನೋ ಉಪಾಯ ಮಾಡುತ್ತಾಳೆ ಎಂದುಕೊಂಡ, ಯಾವಾಗಲೂ ಮಾಡುತ್ತಿದ್ದಳಲ್ಲ. 'ಮಿಸ್ ಯೂಲಾ, ಒಂದು ಜಿ ಕೊಡಿ' ಎಂದಳು. ಪಿಯಾನೋಗೆ ಕಿವಿಗೊಟ್ಟು ಒಂದೊಂದೇ ತಂತಿಯನ್ನು ಎಳೆದು ಬಿಗಿದಳು. ಎರಡು ವರ್ಷ ಸಡಿಲವಾಗಿದ್ದ ತಂತಿಗಳು ಕಿರುಗುಟ್ಟಿ ಮೇಲೇರಿದವು. ಅವಸರ ಮಾಡಲಿಲ್ಲ. ಜನ ಪೈ ತಿನ್ನುತ್ತ ನೋಡುತ್ತಿದ್ದರು. ಕ್ಲೋವಿಸ್ ಒಮ್ಮೆ ಅವಳ ಮುಖ ನೋಡಿದ, ಆಮೇಲೆ ತನ್ನ ಪಿಟೀಲಿನ ಕಿವಿಯನ್ನೂ ಬಿಗಿಯತೊಡಗಿದ. ಅವನನ್ನು ನೋಡಿ ಉ‍ಳಿದವರೂ ಬಿಗಿದರು. ಆರ್ಲೀನ್ ತನ್ನ ಬಾಸನ್ನೂ ಮೇಲೆ ತಂದು, ಗಿಟಾರನ್ನು ಡೆಲ್ಮರ್‌ನ ಕೊರಳಿಗೆ ಹಾಕಿದಳು.

'ತಗೋ. ಈಗ ನಿಜವಾದ ಜಿ. ಹಾಡು.'

ಜನ ಚಪ್ಪಾಳೆ ತಟ್ಟಿದರು. ಡೆಲ್ಮರ್ ಗಿಟಾರಿನ ಮೇಲೆ ಬೆರಳಿಟ್ಟ. ಅವಳು ಅವನ ಬೆನ್ನನ್ನೇ ನೋಡುತ್ತಿದ್ದಳು. ಆಗ ಅವನ ಕೈ ಬೆನ್ನ ಹಿಂದೆ ಬಂತು. ಒಂದು ಬೆರಳು ಚಾಚಿತು. ಅದು ಕೆಳಕ್ಕೆ ತೋರಿಸುತ್ತಿತ್ತು.

ಎಫ್.

ತಂಡದವರೆಲ್ಲ ನೋಡಿದರು. ಆರ್ಲೀನ್‌ಗೆ ಒಂದು ಗಳಿಗೆ ಏನೂ ತಿಳಿಯಲಿಲ್ಲ. ಆಮೇಲೆ ಒಮ್ಮೆಲೇ ತಿಳಿಯಿತು. ಅವಳು ಬಾಸಿನ ಸಮೇತ ಹತ್ತಿರ ಬಂದು ಕೆಳದನಿಯಲ್ಲಿ ಕೇಳಿದಳು, 'ಗೊತ್ತಿತ್ತಾ ನಿನಗೆ?'

ಡೆಲ್ಮರ್ ಅಂಗೈಯಿಂದ ಮೈಕು ಮುಚ್ಚಿದ. 'ಹುಡುಗನಾಗಿದ್ದಾಗಿಂದ ತಂತಿ ಒತ್ತಿದ ಬೆರಳು ಕಣೇ ಇದು. ಸಡಿಲ ಇದ್ರೆ ಗೊತ್ತಾಗಲ್ವಾ? ಮೊದಲ ದಿನಾನೇ ಗೊತ್ತಾಯ್ತು. ಈಗ ಎಫ್ ಹಿಡೀರಿ, ಬೇಗ.'

'ಗೊತ್ತಿದ್ದೂ ಹಾಲು ಅಂದ್ಯಾ?'

'ತಮಾಷೆ ಕಣೇ ಅದು. ಜನಕ್ಕೆ ಒಂದು ನಗು ಬೇಕು.'

ಎರಡು ವರ್ಷ ಪ್ರತಿ ಸಂಜೆ ಇವಳ ಭುಜದ ಮೇಲೆ ನಿಂತು ಎತ್ತರವಾದವನು, ನಿಂತದ್ದು ಭುಜದ ಮೇಲೆ ಎಂದು ಗೊತ್ತಿದ್ದೂ ಅದರ ಮೇಲೆ ಉಗಿದಿದ್ದ. ಅವಳು ಇಟ್ಟುಕೊಂಡಿದ್ದ ಕನಿಕರದ ಮುಚ್ಚಳ ಆ ಕ್ಷಣಕ್ಕೆ ಹಾರಿಹೋಯಿತು. ಪಾಪ ಎಂದುಕೊಂಡ ಪ್ರತಿ ಸಲಕ್ಕೂ ಅವಳಿಗೆ ತನ್ನ ಮೇಲೆಯೇ ಅಸಹ್ಯವಾಯಿತು.

'ಮೈಕಿನಲ್ಲಿ ಹೇಳು' ಎಂದಳು.

'ಏನು?'

'ಬೈದದ್ದು ಮೈಕಿನಲ್ಲಿ. ಬೇಡೋದೂ ಮೈಕಿನಲ್ಲೇ.'

'ಇಲ್ಲಿ ಬೇಡ ಆರ್ಲೀನ್. ನನ್ನಮ್ಮ ಅಲ್ಲಿ ಮಲಗಿದಾಳೆ.'

'ನನ್ನಮ್ಮ ಮಲಗಿದ್ದಾಗ ನೀನು ಹಾರ್ನ್ ಹೊಡೆದೆ.'

ಅವನು ಕ್ಲೋವಿಸ್ ಕಡೆ ನೋಡಿದ. ಐದು ಮಕ್ಕಳ ತಂದೆ ಕ್ಲೋವಿಸ್ ಪಿಟೀಲನ್ನು ಗಲ್ಲದಿಂದ ಕೆಳಗಿಳಿಸಿ, ಆಕಾಶ ನೋಡುತ್ತ ನಿಂತ. ಬೇರೆ ಯಾರೂ ವಾದ್ಯ ಎತ್ತಲಿಲ್ಲ.

'ಯಾವ ಶ್ರುತಿ ಅಂತ ಹೇಳಪ್ಪ ಡೆಲ್ಮರ್' ಎಂದಳು ಮಿಸ್ ಯೂಲಾ. 'ನಂಗೆ ವಯಸ್ಸಾಯ್ತು, ಎಷ್ಟು ಹೊತ್ತು ಕೈ ಎತ್ಕೊಂಡಿರ್ಲಿ?'

ಡೆಲ್ಮರ್ ಮೈಕಿನಿಂದ ಕೈ ತೆಗೆದ. ಬಿಸಿಲಿಗೆ ಅವನ ಕೋಟಿನ ಹರಳುಗಳು ಮಿರುಗುತ್ತಿದ್ದವು. ಹೊಲಿದವಳು ಹಿಂದೆ ನಿಂತಿದ್ದಳು.

'ಎಫ್ ನುಡಿಸಿ ಮಿಸ್ ಯೂಲಾ' ಎಂದ. 'ಜಿ ನನಗೆ ಈಗ ಎಟಕೋದಿಲ್ಲ. ಎರಡು ವರ್ಷ ಆಯ್ತು.' ಮರದಡಿ ಕೂತವರು ತಲೆಯೆತ್ತಿದರು. 'ಇವಳು ಗಿಟಾರ್ ಇಳಿಸಿಕೊಡ್ತಿದ್ಲು. ನಾನು ಹಾಡ್ತಿದ್ದೆ. ಇವಳ ಕಿವಿ ಸರಿಯಾಗಿದೆ.'

'ಇವಳು ಅಂದ್ರೆ?' ಎಂದಳು ಮಿಸ್ ಯೂಲಾ, ಪಾಠ ಕೇಳುವ ಟೀಚರಮ್ಮನ ದನಿಯಲ್ಲಿ. 'ಆಗಿಂದ ನೋಡ್ತಿದೀನಿ, ಎಲ್ಲರ ಹೆಸರೂ ಊರೂ ಹೇಳ್ದೆ. ಈ ಹೆಂಗಸಿಗೆ ಹೆಸರಿಲ್ವಾ?'

ಡೆಲ್ಮರ್ ಗಂಟಲು ಸರಿಮಾಡಿಕೊಂಡ. ಆಮೇಲೆ ಸಾವಿರಾರು ಸಲ ಹೇಳಿ ರೂಢಿಯಾದ ಧಾಟಿಯೇ ಅವನ ಕೈ ಹಿಡಿದು ನಡೆಸಿತು. 'ಬಾಸ್... ಆರ್ಲೀನ್ ಟ್ರಾಸ್ಕ್' ಎಂದ. ಹತ್ತೊಂಬತ್ತು ವರ್ಷದ ಮೇಲೆ ಆ ಹೆಸರು ಮೈಕಿನಲ್ಲಿ ಬಂತು, ಮರಗಳಿಗೆ ಬಡಿದು ವಾಪಸ್ಸೂ ಬಂತು. 'ಆರ್ಲೀನ್ ಟ್ರಾಸ್ಕ್, ಊರು...'

ಅಲ್ಲಿಗೆ ನಿಂತ.

ಆರ್ಲೀನ್ ಕಾದಳು. ಅವನು ಅವಳ ಕಡೆ ತಿರುಗಿದ. ಬಾಯಿ ಅರ್ಧ ತೆರೆದಿತ್ತು. ಅವನು ಹಟ ಮಾಡುತ್ತಿರಲಿಲ್ಲ. ಅವನಿಗೆ ಗೊತ್ತಿರಲಿಲ್ಲ. ಬಾಲ್ಡ್ ಹಿಲ್ ಗೊತ್ತಿತ್ತು, ಹೋದ ತಿಂಗಳು ಸೇರಿದ ಡ್ರಮ್ಮಿನವನ ಊರು ಗೊತ್ತಿತ್ತು. ಚರ್ಚಿನ ಎದುರು ಬಸ್ಸು ನಿಲ್ಲಿಸಿ, ಟ್ಯಾಂಕು ತುಂಬಿಸಿ, ಎರಡು ಸಲ ಹಾರ್ನ್ ಹೊಡೆದ ಊರೇ ಇವಳ ಊರೆಂಬುದು ತಲೆಯಲ್ಲಿ ಉಳಿದಿರಲಿಲ್ಲ.

ಅವಳು ಅವನನ್ನು ಹಾಗೇ ನಿಲ್ಲಲು ಬಿಟ್ಟಳು. ಊರೆಲ್ಲ ಕಣ್ಣಾರೆ ನೋಡಲಿ ಎಂದು ಬಿಟ್ಟಳು. ಕೋಳಿ ತಿನ್ನುವವರು ತಿನ್ನುವುದನ್ನು ನಿಲ್ಲಿಸಿದ ಮೇಲೆ ತಾನೇ ಮೈಕಿಗೆ ಬಾಗಿ ಹೇಳಿದಳು: 'ಗಿಲ್ಪಿನ್ ಫೆರಿ, ಆರ್ಕನ್ಸಾ.'

'ಅಯ್ಯೋ, ಇಲ್ಲೇ ನದಿ ಆಚೆ ಅಲ್ವಾ!' ಎಂದ ಪೈ ಹಲಗೆಯ ಬಳಿ ಕೂತಿದ್ದ ಒಬ್ಬ ಮುದುಕ, ಚಮಚದಿಂದ ತೋರಿಸುತ್ತ. 'ನೋಡಿ, ಅದರ ನೀರಿನ ಟ್ಯಾಂಕ್ ಇಲ್ಲಿಂದ್ಲೇ ಕಾಣುತ್ತೆ.' ಜನರೆಲ್ಲ ಆ ಕಡೆ ತಿರುಗಿ ನೋಡಿದರು. ಡೆಲ್ಮರ್ ಕೂಡ ನೋಡಿದ. ಈ ಸಲ ಯಾರೂ ನಗಲಿಲ್ಲ.

ಹಾಡು ಎಫ್‌ನಲ್ಲಿ ನಡೆಯಿತು. ಮೂರನೇ ಮೆಲ್ಬಾ ಸರಿಯಾಗಿಯೇ ಬಂತು, ಚಪ್ಪಾಳೆಯೂ ಬಿತ್ತು. ಆರ್ಲೀನ್ ಒಂದು ಪೆಟ್ಟೂ ತಪ್ಪದ ಹಾಗೆ ನುಡಿಸಿದಳು. ಜೊತೆ ಹಾಡುವ ಕಡೆ ಮಾತ್ರ ಬಾಯಿ ತೆರೆಯಲಿಲ್ಲ, ಅವನು ಒಬ್ಬನೇ ಕೂಗಿಕೊಂಡ. ಬಯಸಿದ್ದು ಸಿಕ್ಕಿತ್ತು ಅವಳಿಗೆ, ಅರ್ಧ. ಇನ್ನರ್ಧ ಅವನ ತಲೆಯೊಳಗೆ ಇರಲೇ ಇಲ್ಲ. ಇಲ್ಲದ್ದನ್ನು ಯಾವ ಹಟ ಹಿಡಿದು ಹೊರಗೆ ತರಿಸುವುದು?

ಆಟ ಮುಗಿದ ಮೇಲೆ ಶ್ರುತಿ ನೋಡುವ ಕಬ್ಬಿಣದ ಕವೆಯನ್ನು ಡೆಲ್ಮರ್‌ನ ಕೋಟಿನ ಜೇಬಿಗೆ ಹಾಕಿದಳು. 'ಇನ್ಮೇಲೆ ನೀನೇ ಮಾಡ್ಕೋ' ಎಂದಳು. ಮಿಸ್ ಯೂಲಾಳ ಕೈ ಮುಟ್ಟಿ ಬಂದಳು. ಕ್ಲೋವಿಸ್ ಬಾಸಿನ ಇನ್ನೊಂದು ತುದಿ ಹಿಡಿದು ಆ ಮುದುಕನ ಟ್ರಕ್ಕಿನ ಹಿಂದೆ ಹತ್ತಿಸಿಕೊಟ್ಟ. 'ನದಿ ಆಚೆ ಬಿಡ್ತೀರಾ?' ಎಂದು ಅವಳು ಕೇಳಿದ್ದಕ್ಕೆ ಮುದುಕ, 'ಪೈ ಒಂದು ಮುಗಿಸಿಬಿಡ್ತೀನಿ ಇರಿ' ಎಂದಿದ್ದ, ಮುಗಿಸಿ ಬಂದು ಗಾಡಿ ಚಾಲೂ ಮಾಡಿದ.

ಟ್ರಕ್ಕು ಗೋರಿಗಳ ಬೇಲಿ ದಾಟುವಾಗ ಹಿಂದಿನಿಂದ ಬಸ್ಸು ಹಾರ್ನ್ ಹೊಡೆಯಿತು. ಉದ್ದಕ್ಕೆ ಒಂದು ಸಲ, ಆಮೇಲೆ ಇನ್ನೊಂದು ಸಲ.

'ನಿಮ್ಮನ್ನೇ ಕರೀತಿರೋ ಹಾಗಿದೆ' ಎಂದ ಮುದುಕ, ಬ್ರೇಕಿನ ಮೇಲೆ ಕಾಲಿಟ್ಟು.

'ಹೆಸರು ಹಿಡಿದು ಕರೆದ್ರೆ ತಿರುಗ್ತೀನಿ' ಎಂದಳು ಆರ್ಲೀನ್. 'ನಡೀರಿ.'